ಹಿಂಬಾಗಿಲ ಹಗ್ಗ

ಬಟ್ಟೆ ಒಣಹಾಕುವ ಹಗ್ಗ ಕಾಣೆಯಾದ ದಿನವೇ ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಬಾಲ್ಕನಿಗೆ ಬಂದವನು, ಎರಡು ಮೊಳೆಗಳ ನಡುವೆ ಏನೂ ಇಲ್ಲದ್ದು ನೋಡಿ ಕಕ್ಕಾಬಿಕ್ಕಿಯಾಗಿ ನಿಂತ.

“ಅಮ್ಮಾ, ಇಲ್ಲಿದ್ದ ಹಗ್ಗ ಎಲ್ಲಿ?”

“ನನ್ನೇನು ಕೇಳ್ತೀಯ? ನಾನೇನು ಹಗ್ಗ ತಿಂತೀನಾ?” ಒಳಗಿನಿಂದ ಅವನ ತಾಯಿ ಕೂಗಿದಳು. ಮಂಡಿನೋವಿನ ಮುದುಕಿ, ಕುರ್ಚಿ ಬಿಟ್ಟು ಏಳುವುದು ಅಪರೂಪ. ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. “ಗಂಡಸು ಬಟ್ಟೆ ಒಗೆಯೋಕೆ ನಿಂತದ್ದು ನೋಡಿ ಹಗ್ಗಾನೇ ನಾಚ್ಕೊಂಡು ಓಡಿಹೋಯ್ತೇನೋ.”

ಮೊದಲಾಗಿದ್ದರೆ ಅವನು ಒಂದಕ್ಕೆರಡು ಹೇಳಿ ಅವಳನ್ನು ನಗಿಸುತ್ತಿದ್ದ. ಈಗ ಬಟ್ಟೆಗಳನ್ನು ಕುರ್ಚಿ, ಕಿಟಕಿ, ಬಾಗಿಲುಗಳ ಮೇಲೆ ಹರವಿ ಅಡುಗೆಮನೆಗೆ ಹೋದ.

ಹೈಸ್ಕೂಲು ಮಕ್ಕಳ ವ್ಯಾನು ಓಡಿಸುತ್ತಿದ್ದವನು ಅವನು. ಮಕ್ಕಳೆಲ್ಲ ‘ವ್ಯಾನ್ ಮಾಮ’ ಎನ್ನುತ್ತಿದ್ದರು. ಅವನಿಗೊಂದು ಪದ್ಧತಿಯಿತ್ತು. ಗಾಡಿ ಹೊರಡುವ ಮುಂಚೆ, ಹಿಂದೆ ತಿರುಗಿ ನೋಡದೆ, ಒಬ್ಬೊಬ್ಬರನ್ನೇ ಕೂಗುತ್ತಿದ್ದ. ನಿಜವಾದ ಹೆಸರು ಹಿಡಿದಲ್ಲ, ತಾನೇ ಇಟ್ಟ ಅಡ್ಡಹೆಸರು ಹಿಡಿದು. ಸದಾ ನಿದ್ದೆಗಣ್ಣಿನ ಹುಡುಗ ‘ಆಕಳಿಕೆ’. ದಿನಾ ತಡವಾಗಿ ಓಡಿಬರುವವನು ‘ಗಡಿಯಾರ’. ಮಾತಿಗೆ ಮಾತು ಕೊಡುವ ಟೈಲರ್ ಅಕ್ಕನ ಮಗಳು ‘ಮೆಣಸಿನಕಾಯಿ’. ಕೂಗಿದವರು “ಇದ್ದೀನಿ!” ಎನ್ನಬೇಕು. ಎಲ್ಲರಿಗಿಂತ ಕೊನೆಯಲ್ಲಿ ‘ಬಾಲ’. ಅದು ಅವನ ಸ್ವಂತ ಮಗಳು, ಹಿಂದಿನ ಸೀಟಿನಲ್ಲಿ ಹಿಂಬಾಗಿಲ ಪಕ್ಕ ಕೂರುತ್ತಿದ್ದವಳು. ಬಾಲ “ಇದ್ದೀನಿ” ಎಂದಳೆಂದರೆ ಬಾಗಿಲು ಭದ್ರವಾಗಿದೆ ಎಂದೇ ಅರ್ಥ. ಆಮೇಲೆ ಗೇರು.

ಹಿಂಬಾಗಿಲ ಚಿಲಕ ಕೆಟ್ಟು ಬಹಳ ಕಾಲವಾಗಿತ್ತು. ಮನೆಯ ಬಟ್ಟೆ ಹಗ್ಗದ್ದೇ ಒಂದು ತುಂಡು ಕತ್ತರಿಸಿ, ಬಾಗಿಲ ಹಿಡಿಯಿಂದ ಸೀಟಿನ ಕಬ್ಬಿಣದ ಕಾಲಿಗೆ ಒಳಗಿನಿಂದ ಕಟ್ಟುವುದು ರೂಢಿಯಾಗಿತ್ತು. ಕಟ್ಟುತ್ತಿದ್ದವಳು ಬಾಲ. ಗಂಟಿನ ಮೇಲೆ ಗಂಟು ಹಾಕುವುದನ್ನು ಹೇಳಿಕೊಟ್ಟವನು ಅವನೇ.

ಕೆಲವು ತಿಂಗಳ ಹಿಂದೆ, ಒಂದು ಮಳೆಯ ದಿನ, ಎದುರಿಗೆ ಬಂದ ಲಾರಿಯಿಂದ ತಪ್ಪಿಸಿಕೊಳ್ಳಲು ಹೋಗಿ ವ್ಯಾನು ಜಾರಿ ಕಾಲುವೆಗೆ ಬಿತ್ತು. ಮುಂದಿನ ಬಾಗಿಲುಗಳು ದಡಕ್ಕೆ ಸಿಕ್ಕಿಕೊಂಡವು. ಒಳಗೆ ನೀರು ಏರತೊಡಗಿತು. ಹಿಂದೆ ನೆನೆದು ಬಿಗಿದ ಗಂಟು ಬಿಚ್ಚಲೊಲ್ಲದು. ಅವನು ಕಿಟಕಿ ಒಡೆದು ಒಬ್ಬೊಬ್ಬರನ್ನೇ ಎಳೆದುಹಾಕಿದ. ಸದ್ಯ, ಜೀವ ಯಾರದ್ದೂ ಹೋಗಲಿಲ್ಲ. ಆದರೆ ಮೆಣಸಿನಕಾಯಿಯ ಕಾಲು ಸೀಟಿನಡಿ ನುಜ್ಜುಗುಜ್ಜಾಗಿತ್ತು. ಹಿಂಬಾಗಿಲು ಆಗಲೇ ತೆರೆದಿದ್ದರೆ ಆ ಕಾಲು ಊನವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತು.

“ಹಗ್ಗ ಕಟ್ಟಿದ್ದು ಯಾರು?” ಎಂದು ಪೊಲೀಸರು ಕೇಳಿದರು. “ನಾನೇ” ಎಂದ. ಲೈಸೆನ್ಸು ಹೋಯಿತು, ಕೆಲಸ ಹೋಯಿತು. ಟೈಲರ್ ಅಕ್ಕ ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ತಿರುಗಿಸಲಿ. ನಿಜ ಗೊತ್ತಿದ್ದದ್ದು ಅವನಿಗೆ ಮತ್ತು ಮಗಳಿಗೆ, ಇಬ್ಬರಿಗೇ ಎಂದು ಅವನು ನಂಬಿದ್ದ. ಹೆಂಡತಿಗೂ ಹೇಳಿರಲಿಲ್ಲ. ಇನ್ನೊಬ್ಬಳ ಕಾಲು ಮುರಿದವಳು ಎಂಬ ಹಣೆಪಟ್ಟಿ ಹದಿನೈದರ ಹುಡುಗಿಗೆ ಅಂಟಿದರೆ ಸಾಯುವವರೆಗೂ ಬಿಡುವುದಿಲ್ಲ ಎಂಬುದೊಂದೇ ಅವನ ಭಯ. ಆ ಭಯ ಅವನ ಜೊತೆಗೇ ಏಳುತ್ತಿತ್ತು, ಜೊತೆಗೇ ಮಲಗುತ್ತಿತ್ತು.

ಹಗ್ಗ ಕಾಣೆಯಾದ ದಿನ ಸಂಜೆ ಎಲ್ಲರೂ ಊಟಕ್ಕೆ ಕೂತರು. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದಿದ್ದಳು, ತೋಳೆತ್ತಲೂ ತ್ರಾಣವಿರಲಿಲ್ಲ.

“ಅನ್ನ ಮುದ್ದೆಯಾಗಿದೆ,” ಎಂದಳು ಮುದುಕಿ.

“ನಿನ್ನೆ ಗಟ್ಟಿ ಅಂದೆ. ಅದಕ್ಕೇ ನೀರು ಜಾಸ್ತಿ ಹಾಕ್ದೆ,” ಎಂದ ಅವನು.

“ಗಟ್ಟಿ ಅಂದ್ರೆ ಗಂಜಿ ಮಾಡು ಅಂತಾನಾ?”

ಮಗಳು ಅನ್ನ ಕಲಸುತ್ತಲೇ ಹೇಳಿದಳು: “ಅಪ್ಪಾ, ಹಗ್ಗ ನಾನು ತಗೊಂಡೋದೆ. ಸ್ಕೂಲಲ್ಲಿ ನಾಟಕ ಮಾಡ್ತಿದ್ದೀವಿ.”

“ಅಷ್ಟೇನಾ! ಕೇಳಿ ತಗೊಂಡೋಗೋಕೆ ಏನು ಧಾಡಿ? ಯಾವ ನಾಟಕ?”

“ನಮ್ಮ ವ್ಯಾನಿಂದು.”

ಅವನ ಕೈಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು.

“ಮೇಷ್ಟ್ರು ಬರೆದಿದ್ದಲ್ಲ. ವ್ಯಾನಲ್ಲಿದ್ದೋರೇ ಸೇರಿ ಮಾಡ್ತಿರೋದು. ಆ ದಿನ ಹೆಂಗಾಯ್ತೋ ಹಂಗೇ.”

“ಹಂಗೇ ಅಂದ್ರೆ?”

“ಹಂಗೇ ಅಂದ್ರೆ ಹಂಗೇ, ಅಪ್ಪಾ.” ಮಗಳು ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

“ರಾಜ ರಾಣಿ ಕಥೆ ಒಂದೂ ಸಿಗಲಿಲ್ವಾ ನಿಮಗೆ?” ಮುದುಕಿ ಕೇಳಿದಳು. “ನಗ್ಸೋದು ಬಿಟ್ಟು ಅಳ್ಸೋಕೆ ಹೊರಟಿದ್ದೀರಾ.”

“ಬೇಡ,” ಎಂದ ಅವನು. “ನಾಟಕ ಗೀಟಕ ಏನೂ ಬೇಡ. ನಾಳೆನೇ ಹಗ್ಗ ವಾಪಸ್ ತಗೊಂಡು ಬಾ.”

“ತರಲ್ಲ,” ಎಂದಳು ಮಗಳು. ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಹೆಂಡತಿ ದನಿ ತಗ್ಗಿಸಿ, “ನೀವ್ಯಾಕೆ ಹಂಗೆ ಮೇಲೆ ಬಿದ್ರಿ?” ಎಂದಳು. “ಅವಳು ಇವತ್ತು ಬಚ್ಚಲ ಬಾಗಿಲು ಹಾಕ್ಕೊಂಡು ಸ್ನಾನ ಮಾಡಿದ್ಲು. ಗೊತ್ತಾ?”

ಗೊತ್ತಿರಲಿಲ್ಲ. ಕಾಲುವೆಗೆ ಬಿದ್ದಂದಿನಿಂದ ಆ ಹುಡುಗಿ ಮುಚ್ಚಿದ ಬಾಗಿಲ ಹಿಂದೆ ನಿಲ್ಲುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲಿಗೆ ಬಕೆಟ್ಟು ಅಡ್ಡವಿಟ್ಟು ಸಂದಿ ಬಿಟ್ಟುಕೊಳ್ಳುತ್ತಿದ್ದಳು, ತಾಯಿ ಹೊರಗೆ ಕಾವಲು ಕೂರುತ್ತಿದ್ದಳು. ಒಳ್ಳೆಯ ಸುದ್ದಿಯೇ. ಆದರೆ ಅವನಿಗೆ ಅದರಿಂದ ಇನ್ನೂ ಹೆದರಿಕೆಯಾಯಿತು. ಧೈರ್ಯ ಬಂದ ಹುಡುಗಿ ಏನು ಬೇಕಾದರೂ ಹೇಳಿಬಿಟ್ಟಾಳು.

ಮುಂದಿನ ವಾರ ಮೆಟ್ಟಿಲ ಮೇಲೆ ಟಕ್, ಟಕ್ ಎಂದು ಸದ್ದು ಕೇಳಿತು. ಊರುಗೋಲಿನ ಸದ್ದು. ಸೊಪ್ಪು ಬಿಡಿಸುತ್ತಿದ್ದವನು ಕೈಲಿದ್ದ ಕಂತೆ ಕೆಳಗಿಟ್ಟ. ಬಾಗಿಲಲ್ಲಿ ಏದುಸಿರು ಬಿಡುತ್ತ ಮೆಣಸಿನಕಾಯಿ ನಿಂತಿದ್ದಳು.

“ಏನು ಮಾಮ, ನಿಮ್ಮನೆಗೆ ಬರ್ಬೇಕು ಅಂದ್ರೆ ಬೆಟ್ಟ ಹತ್ಬೇಕಲ್ಲ! ಒಳಗೆ ಕರೀರಿ.”

“ಬಾ… ಬಾಮ್ಮ. ಕೂತ್ಕೋ.” ಅವನು ಅವಳ ಮುಖ ನೋಡಿದ, ಕಿಟಕಿ ನೋಡಿದ, ಸೊಪ್ಪು ನೋಡಿದ. ಕಾಲಿನ ಕಡೆ ಮಾತ್ರ ನೋಡಲಿಲ್ಲ.

“ಕಾಲು ಇಲ್ಲೇ ಇದೆ, ನೋಡ್ಬೋದು. ಕಚ್ಚಲ್ಲ,” ಎಂದಳು ಅವಳು. “ನಾಟಕದಲ್ಲಿ ವ್ಯಾನ್ ಮಾಮ ನಾನೇ. ಕೂತು ಮಾಡೋ ಪಾರ್ಟು ಅದೊಂದೇ ಇದ್ದದ್ದು. ಅದಕ್ಕೇ ಕೇಳೋಕೆ ಬಂದೆ. ಬ್ರೇಕ್ ಹಾಕೋವಾಗ ಅದೇನೋ ಬೈತಿದ್ರಲ್ಲ?”

“ನಾನೆಲ್ಲಿ ಬೈತಿದ್ದೆ!”

“ಬೈತಿದ್ರಿ, ಬೈತಿದ್ರಿ. ‘ಗಾಡಿ ಓಡ್ತಿರೋವಾಗ ಎದ್ದು ನಿಲ್ಲೋರು ಯಾರು’ ಅಂತ.” ಅವನದೇ ದನಿ, ಅವನದೇ ಗದರಿಕೆ. ಮುದುಕಿ ಕುರ್ಚಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇವನ ಅಪ್ಪಾನೂ ಹಿಂಗೇ ಗದರಿಸ್ತಿದ್ದ ಕಣೇ!”

ಅವನಿಗೆ ನಗು ಬರಲಿಲ್ಲ. “ನಿಮ್ಮಮ್ಮಂಗೆ ಗೊತ್ತಾ, ನಾಟಕದ ವಿಷಯ?”

“ಗೊತ್ತಿಲ್ದೇ ಏನು? ಮುಂದಿನ ಸಾಲಲ್ಲೇ ಸೀಟು ಇಟ್ಟಿದ್ದೀನಿ.”

ಅವಳು ಹೋದಮೇಲೆ ಸೊಪ್ಪು ಅರ್ಧಕ್ಕೇ ಉಳಿಯಿತು. ಮುಂದಿನ ಸಾಲಲ್ಲಿ ಟೈಲರ್ ಅಕ್ಕ. ಎದುರಿಗೆ ತನ್ನ ಮಗಳು, ಕೈಲಿ ಹಗ್ಗ. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಟೈಲರ್ ಅಕ್ಕ ಎದ್ದು ನಿಂತು ಎಲ್ಲರ ಮುಂದೆ ಏನೆಂದಾಳು? ಶಾಪ ಹಾಕಿದರೆ? ಕೈ ಎತ್ತಿದರೆ? ಕೇಸು ಮತ್ತೆ ತೆಗೆದು ಹುಡುಗಿಯನ್ನು ಸ್ಟೇಷನ್ನಿಗೆ ಕರೆದರೆ?

ಅಂದು ಹೆಂಡತಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅವನು ಶುರುಹಚ್ಚಿಕೊಂಡ. “ಅವಳನ್ನ ನಾಟಕ ಬಿಡಿಸು. ನನ್ನ ಮಾತು ಕೇಳ್ತಿಲ್ಲ.”

“ನಾನ್ಯಾಕೆ ಬಿಡಿಸ್ಲಿ? ಎಷ್ಟು ತಿಂಗಳಾದಮೇಲೆ ಮಗು ಹೊಟ್ಟೆ ತುಂಬ ಉಣ್ತಿದೆ. ನಿಮಗೆ ನಿಮ್ಮ ಮರ್ಯಾದೆ ದೊಡ್ಡದಾಯ್ತಾ? ಜನ ನಿಮ್ಮನ್ನ ಆಡ್ಕೋತಾರೆ ಅಂತ ಅವಳನ್ನ ಮೂಲೇಲಿ ಕೂರಿಸ್ತೀರಾ?”

“ನನ್ನ ಮರ್ಯಾದೆ ಸುಟ್ಟುಹೋಗ್ಲಿ! ಹಗ್ಗ ಕಟ್ಟಿದ್ದು ನಾನಲ್ಲ ಕಣೇ! ಅವಳು!”

ಹೆಂಡತಿ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದುಕೊಂಡು ಹಾಗೇ ಕುಸಿದು ಕೂತಳು. “ಏನಂದ್ರಿ?”

“ದಿನಾ ಅವಳೇ ಕಟ್ತಿದ್ದಿದ್ದು. ಈಗ ಅದನ್ನ ಎಲ್ಲರ ಮುಂದೆ ಮಾಡಿ ತೋರಿಸ್ತಾಳಂತೆ.”

ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಇಬ್ಬರೂ ಏಳಲಿಲ್ಲ. ಕೊನೆಗೆ ಒಳಕೋಣೆಯಿಂದ ಬಂದ ಮಗಳೇ ಒಲೆ ಆರಿಸಿದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಬೇಡ ಕಣೇ,” ಎಂದಳು ಹೆಂಡತಿ. “ನಿಮ್ಮಪ್ಪ ಹೇಳಿದ್ದೇ ಸರಿ. ಆ ಟೈಲರಮ್ಮ ನಿನ್ನ ಸುಮ್ನೆ ಬಿಡಲ್ಲ. ಜನ ಹರಿದು ತಿಂದುಬಿಡ್ತಾರೆ.”

“ಅಮ್ಮಾ, ನೀನೂನಾ?”

“ನಾನು ಹೇಳಿದ್ದಾಗಿದೆ, ಕೇಸು ಮುಗಿದಿದೆ,” ಅಂದ ಅವನು. “ನಿನ್ನನ್ನ ಯಾರೂ ಏನೂ ಕೇಳಲಿಲ್ಲ. ಅದೇ ಪುಣ್ಯ ಅಂತ ಸುಮ್ನಿರು.”

“ಹೌದು, ಯಾರೂ ಕೇಳಲೇ ಇಲ್ಲ!” ಮಗಳ ದನಿ ಏರಿತು. “ಪೊಲೀಸ್ರು ನಿನ್ನ ಕೇಳಿದ್ರು, ಹೆಡ್‌ಮೇಷ್ಟ್ರು ನಿನ್ನ ಕೇಳಿದ್ರು. ವ್ಯಾನಲ್ಲಿ ನಾವಿರಲಿಲ್ವಾ? ಗಂಟು ಬಿಚ್ಚೋಕೆ ಒದ್ದಾಡಿದ್ದು ನನ್ನ ಕೈ, ಅಪ್ಪಾ. ನೀನು ‘ನಾನೇ’ ಅಂದುಬಿಟ್ಟೆ, ಮುಗೀತು. ನಾನು ಇನ್ನೂ ಅಲ್ಲೇ ಇದ್ದೀನಿ, ಆ ಗಂಟು ಎಳೀತಾ. ನಾಟಕದಲ್ಲಿ ಮಾತ್ರ ಅದು ಬಿಚ್ಚುತ್ತೆ.”

ಅವನು ಎದ್ದು ಚೆಲ್ಲಿದ ಹಾಲು ಒರೆಸತೊಡಗಿದ.

“ಅದೇನು ಗಂಟು, ಯಾರು ಕಟ್ಟಿದ್ರು, ನನಗೂ ಯಾರಾದ್ರೂ ಹೇಳ್ತೀರಾ?” ಮುದುಕಿ ಕೋಲು ಕುಟ್ಟಿದಳು. ಹೇಳಬೇಕಾಯಿತು. ಕೇಳಿ ಮುಗಿಸಿ ಅವಳು ಮಂಡಿ ನೀವಿಕೊಂಡಳು.

“ಹೆದರಿಕೆ ನನಗೂ ಆಗ್ತಿದೆ,” ಎಂದಳು. “ಆದ್ರೆ ಅವಳು ಹೋಗೇ ಹೋಗ್ತಾಳೆ. ಯಾರ ಮೊಮ್ಮಗಳು! ಹೆದರ್ಕೊಂಡು ಮನೇಲಿ ಕೂತು ನಾವೇನು ಮಾಡೋದು? ಅಲ್ಲೇ ಹೋಗಿ ಹೆದರ್ಕೊಳ್ಳೋಣ. ನನ್ನನ್ನ ನೀನು ಹೊತ್ಕೊಂಡು ಹೋಗು.”

ನಾಟಕದ ದಿನ ಅವನು ತಾಯಿಯನ್ನು ಬೆನ್ನಿಗೇರಿಸಿಕೊಂಡು ಮೆಟ್ಟಿಲಿಳಿದ. “ಮೆಲ್ಲಗೆ ನಡಿಯೋ, ನಾನೇನು ಸಿಮೆಂಟ್ ಮೂಟೆನಾ?” ಎಂದು ದಾರಿಯುದ್ದಕ್ಕೂ ಅವಳು ಬೈದಳು. ಬೀದಿಯ ಜನ ನೋಡಿದರು. ಬೇರೆ ದಿನವಾಗಿದ್ದರೆ ನಾಚಿಕೆಯಾಗುತ್ತಿತ್ತು. ಅಂದು ಅವನು ಯಾರ ಕಡೆಗೂ ನೋಡದೆ ನಡೆದ.

ಶಾಲೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಲ್ಲಿ ಟೈಲರ್ ಅಕ್ಕ ಕೈಕಟ್ಟಿ ಕೂತಿದ್ದಳು. ಕತ್ತಿಗೆ ಅಳತೆ ಟೇಪು ನೇತಾಡುತ್ತಿತ್ತು, ಅಂಗಡಿಯಿಂದ ನೇರ ಬಂದಿರಬೇಕು. ಅವನು ಹೆಂಡತಿ, ತಾಯಿಯೊಡನೆ ಗೋಡೆ ಪಕ್ಕದ ಕುರ್ಚಿ ಹಿಡಿದ. ಹೆಂಡತಿಯ ಕೈ ಹಿಡಿದುಕೊಂಡ.

ಪರದೆ ಸರಿಯಿತು. ಬೆಂಚುಗಳನ್ನು ಸಾಲಾಗಿ ಇಟ್ಟು ವ್ಯಾನು ಮಾಡಿದ್ದರು. ಹಿಂದೆ ಒಂದು ಹಲಗೆ, ಅದೇ ಹಿಂಬಾಗಿಲು. ಮುಂದೆ ಮೆಣಸಿನಕಾಯಿ, ವ್ಯಾನು ಓಡಿಸುವಾಗ ಅವನು ಹಾಕುತ್ತಿದ್ದ ಹಳೆಯ ಟೋಪಿ ಹಾಕಿಕೊಂಡು. ಊರುಗೋಲನ್ನೇ ಗೇರು ಮಾಡಿಕೊಂಡು ಖಟ್ಟೆಂದು ಎಳೆದಳು. ಜನ ನಕ್ಕರು. ಟೈಲರ್ ಅಕ್ಕ ನಗಲಿಲ್ಲ.

“ಆಕಳಿಕೆ?”

“ಇದ್ದೀ… ಆಆ… ನಿ.”

“ಗಡಿಯಾರ?” ಉತ್ತರವಿಲ್ಲ. ಹುಡುಗನೊಬ್ಬ ಓಡೋಡಿ ಬಂದು ಬೆಂಚು ಹತ್ತಿದ. “ಇದ್ದೀನಿ, ಇದ್ದೀನಿ!”

“ಮೆಣಸಿನಕಾಯಿ?” ಎಂದು ತಾನೇ ಕೂಗಿ, ತಾನೇ ಹಿಂದೆ ತಿರುಗಿ, “ಇರದೇ ಎಲ್ಲಿಗೆ ಹೋಗ್ಲಿ?” ಎಂದಳು. ಮತ್ತೆ ನಗು.

“ಬಾಲ?”

ಅವನ ಮಗಳು ಎದ್ದಳು. ಬಟ್ಟೆ ಹಗ್ಗವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಹಲಗೆಯ ಹಿಡಿಗೆ ಸುತ್ತಿ, ಬೆಂಚಿನ ಕಾಲಿಗೆ ಬಿಗಿದಳು. ಗಂಟು. ಅದರ ಮೇಲೆ ಗಂಟು. “ಕಟ್ಟಿದೆ ಅಪ್ಪಾ. ಇದ್ದೀನಿ.”

ನಗು ನಿಂತಿತು. ಹಿಂದಿನ ಸಾಲಿನಿಂದ ಗುಸುಗುಸು ಶುರುವಾಯಿತು. “ಅವಳಾ? ಅವಳಾ ಕಟ್ಟಿದ್ದು?” ಅವನು ಟೈಲರ್ ಅಕ್ಕನ ಬೆನ್ನನ್ನೇ ನೋಡುತ್ತಿದ್ದ. ಬೆನ್ನು ಅಲುಗಲಿಲ್ಲ.

ಬೆಂಚುಗಳು ಅಲುಗಾಡಿದವು, ಕಿರುಚಾಟವಾಯಿತು, ದೀಪ ಮಂಕಾಯಿತು. ಇಬ್ಬರು ಮಕ್ಕಳು ನೀಲಿ ಬಟ್ಟೆಯೊಂದನ್ನು ಎರಡು ಕಡೆ ಹಿಡಿದು ನೆಲದಿಂದ ನಿಧಾನವಾಗಿ ಎತ್ತತೊಡಗಿದರು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಅವನ ಮಗಳು ಹಗ್ಗ ಎಳೆಯುತ್ತಿದ್ದಳು.

ಎಳೆಯುತ್ತಲೇ ಇದ್ದಳು. ಗಂಟು ಬಿಚ್ಚಲಿಲ್ಲ.

ಜನಕ್ಕೆ ಅದು ನಾಟಕ. ಅವನಿಗೆ ಗೊತ್ತಾಯಿತು. ಅವಳ ಭುಜ ಕಿವಿಯವರೆಗೆ ಬಂದಿತ್ತು, ಬಾಯಿ ತೆರೆದಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಅಂದು ಕಾಲುವೆಯಲ್ಲಿ ಕಂಡದ್ದೂ ಇದೇ. ಹೆದರಿಕೆಯಲ್ಲಿ ಇವತ್ತೂ ಬಿಗಿಯಾಗಿ ಕಟ್ಟಿಬಿಟ್ಟಿದ್ದಳು. ನೀಲಿ ಬಟ್ಟೆ ಹಿಡಿದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಪರದೆಯ ಸಂದಿಯಲ್ಲಿ ಮೇಷ್ಟ್ರ ಮುಖ ಕಾಣಿಸಿತು.

ಅವನು ಕುರ್ಚಿ ತಳ್ಳಿ ಎದ್ದ. ಹೋಗಿ ಹಗ್ಗ ಕತ್ತರಿಸಬೇಕು, ಮಗಳನ್ನು ಎತ್ತಿಕೊಂಡು ಮನೆಗೆ ಓಡಬೇಕು. ಎರಡು ಹೆಜ್ಜೆ ಇಟ್ಟಿದ್ದ.

“ಏಯ್!” ರಂಗದ ಮೇಲಿಂದ ಅವನದೇ ದನಿ ಗದರಿಸಿತು. “ಗಾಡಿ ಓಡ್ತಿರೋವಾಗ ಎದ್ದು ನಿಲ್ಲೋರು ಯಾರು? ಕೂತ್ಕೋ!”

ಮೆಣಸಿನಕಾಯಿ ಊರುಗೋಲು ಅವನ ಕಡೆಗೇ ತೋರಿಸುತ್ತಿದ್ದಳು. ಅವನು ಅಲ್ಲೇ, ಸಾಲುಗಳ ನಡುವಿನ ನೆಲದ ಮೇಲೆ, ಕೂತುಬಿಟ್ಟ.

ಅವಳು ಮುಂದಕ್ಕೆ ತಿರುಗಿದಳು. ಅವಸರವಿಲ್ಲದೆ, ದಿನಾ ಬೆಳಿಗ್ಗೆ ಅವನು ಕೂಗುತ್ತಿದ್ದ ಹಾಗೇ, “ಆಕಳಿಕೆ?” ಎಂದಳು.

“ಇದ್ದೀನಿ.”

“ಗಡಿಯಾರ?”

“ಇದ್ದೀನಿ.”

“ಬಾಲ?”

ಉತ್ತರವಿಲ್ಲ. ಹುಡುಗಿ ಗಂಟನ್ನೇ ಎಳೆಯುತ್ತಿದ್ದಳು. ಮೆಣಸಿನಕಾಯಿ ಮತ್ತೆ ಮೊದಲಿನಿಂದ ಹಿಡಿದಳು. ಆಕಳಿಕೆ, ಗಡಿಯಾರ, ಒಬ್ಬೊಬ್ಬರೂ. ಯಾರೂ ಎದ್ದು ಹೋಗಿ ಗಂಟಿಗೆ ಕೈ ಹಾಕಲಿಲ್ಲ. ಚಿಕ್ಕ ಹುಡುಗಿಯೊಬ್ಬಳ ಕೆನ್ನೆ ಮೇಲೆ ಕಣ್ಣೀರಿಳಿಯುತ್ತಿತ್ತು. ಆದರೆ ಕರೆದವರೆಲ್ಲ ಇದ್ದೀನಿ ಎಂದರು. ನೀಲಿ ಬಟ್ಟೆ ಸೊಂಟದ ಹತ್ತಿರವೇ ನಿಂತಿತ್ತು. ಸುತ್ತು ಮುಗಿದು ಮತ್ತೆ ಶುರುವಾಯಿತು, ಮತ್ತೆ ಮುಗಿಯಿತು.

ಅವನ ಮಗಳ ಭುಜ ಇಳಿಯಿತು. ಅವಳು ಬಗ್ಗಿ ಗಂಟನ್ನು ಹಲ್ಲಿನಿಂದ ಕಚ್ಚಿ ಹಿಡಿದಳು, ಸಡಿಲಿಸಿದಳು, ಬೆರಳು ತೂರಿಸಿದಳು. ಹಗ್ಗ ಬಿಚ್ಚಿ ಬಿತ್ತು. ಹಲಗೆ ದಢಾರನೆ ಹಿಂದಕ್ಕೆ ಬಿದ್ದಿತು.

“ಬಾಲ?”

“ಇದ್ದೀನಿ!” ಅಳುತ್ತ, ಕಿರುಚಿ ಹೇಳಿದಳು.

ಚಪ್ಪಾಳೆ ಅವನಿಗೆ ಸರಿಯಾಗಿ ಕೇಳಿಸಲೇ ಇಲ್ಲ. ತಾಯಿಯನ್ನು ಬೆನ್ನಿಗೇರಿಸಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ, ಅವನು ಇಷ್ಟು ದಿನ ಹೆದರಿದ್ದ ಘಳಿಗೆ ಎದುರಿಗೇ ನಿಂತಿತ್ತು. ಟೈಲರ್ ಅಕ್ಕ. ಮಕ್ಕಳೆಲ್ಲ ಗೇಟಿನ ಹತ್ತಿರ ಗುಂಪಾಗಿದ್ದರು. ಮಗಳು ಹಗ್ಗ ಸುತ್ತಿ ಹಿಡಿದುಕೊಂಡು ಓಡಿಬಂದು ಅವನ ಪಕ್ಕ ನಿಂತಳು.

“ಅಕ್ಕಾ,” ಎಂದ ಅವನು, ಮಗಳ ಮುಂದೆ ಸರಿದು. “ಅವಳಿನ್ನೂ ಮಗು. ಏನು ಅನ್ನೋದಿದ್ರೂ ನನಗನ್ನಿ.”

“ನಿಮಗೇ ಅನ್ನೋಕೆ ಬಂದೆ,” ಎಂದಳು ಟೈಲರ್ ಅಕ್ಕ. “ಕಟ್ಟಿದ್ದು ಯಾರು ಅಂತ ನನ್ನ ಮಗಳು ಆಸ್ಪತ್ರೇಲಿ ಕಣ್ಣು ಬಿಟ್ಟ ದಿನಾನೇ ಹೇಳಿದ್ಲು. ವ್ಯಾನಲ್ಲಿದ್ದ ಮಕ್ಕಳಿಗೆಲ್ಲ ಗೊತ್ತು. ಯಾರಿಗೂ ಹೇಳ್ಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ಲು. ನಾನು ನಿಮ್ಮನ್ನ ಕೇಳ್ಬೇಕು ಅಂತಿದ್ದದ್ದು ಅದಲ್ಲ.”

“ಮತ್ತೆ?”

“ಚಿಲಕ ಯಾಕೆ ಹಾಕಿಸಲಿಲ್ಲ?”

ಅವನು ಬಾಯಿ ತೆರೆದ. ‘ನಾನೇ ಕಟ್ಟಿದ್ದು’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ತಿಂಗಳೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬದುಕಿದ್ದ. ಈ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡು, ತನ್ನನ್ನು ತಾನೇ ಒಂದು ದಿನವೂ ಇದನ್ನು ಕೇಳಿಕೊಂಡಿರಲಿಲ್ಲ.

“ನಾಳೆ ಹಾಕಿಸಿದ್ರಾಯ್ತು, ನಾಳೆ ಹಾಕಿಸಿದ್ರಾಯ್ತು ಅಂದ್ಕೊಂಡೆ, ಅಕ್ಕಾ,” ಎಂದ. “ಮಗಳು ಚೆನ್ನಾಗಿ ಕಟ್ತಾಳಲ್ಲ ಅಂತ ಬಿಟ್ಟೆ. ತಪ್ಪು ಅವಳದ್ದಲ್ಲ. ನನ್ನದು.”

ಟೈಲರ್ ಅಕ್ಕನ ಕಣ್ಣು ತುಂಬಿತು. ಕತ್ತಿನ ಟೇಪಿನ ತುದಿಯಿಂದ ಒರೆಸಿಕೊಂಡಳು. “ಇದನ್ನ ಆ ದಿನಾನೇ ನಮ್ಮನೆ ಬಾಗಿಲಿಗೆ ಬಂದು ಹೇಳ್ಬೇಕಿತ್ತು,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಹುಡುಗಿಯ ಕಡೆ ತಿರುಗಿ, ಹಗ್ಗ ಉಜ್ಜಿ ಕೆಂಪಾಗಿದ್ದ ಅವಳ ಬೆರಳುಗಳನ್ನು ಹಿಡಿದು ನೋಡಿ, “ಇದಕ್ಕೆ ಎಣ್ಣೆ ಹಚ್ಕೋ,” ಎಂದು ಹೇಳಿ ಗೇಟಿನತ್ತ ನಡೆದಳು.

ಅಲ್ಲಿ ಮೆಣಸಿನಕಾಯಿ ಇನ್ನೂ ಅವನ ಟೋಪಿ ತೆಗೆದಿರಲಿಲ್ಲ. ಎಲ್ಲರೂ ಒಟ್ಟಿಗೆ ನಡೆದುಕೊಂಡು ಹೊರಡುವುದೆಂದು ಮಕ್ಕಳು ತೀರ್ಮಾನ ಮಾಡಿದ್ದರು. ಊರುಗೋಲು ನೆಲಕ್ಕೆ ಕುಟ್ಟಿ ಅವಳು ಒಬ್ಬೊಬ್ಬರನ್ನೇ ಕೂಗಿದಳು. ಆಕಳಿಕೆ ಇದ್ದ. ಗಡಿಯಾರ ಇದ್ದ. ಬಾಲ ಇದ್ದಳು.

“ವ್ಯಾನ್ ಮಾಮ?”

ಅವನು ತಲೆಯೆತ್ತಿದ. ಅಷ್ಟು ವರ್ಷ ದಿನಾ ಎಲ್ಲರನ್ನೂ ಕೂಗಿದ್ದ, ಅವನನ್ನು ಯಾರೂ ಒಂದು ದಿನವೂ ಕೂಗಿರಲಿಲ್ಲ. ಮಕ್ಕಳು ಅವನನ್ನೇ ನೋಡುತ್ತ ಕಾಯುತ್ತಿದ್ದರು. ಟೈಲರ್ ಅಕ್ಕನೂ ಗೇಟಿನಲ್ಲಿ ನಿಂತಿದ್ದಳು.

“ಇದ್ದೀನಿ,” ಎಂದ.

“ಗಟ್ಟಿಯಾಗಿ ಹೇಳೋ,” ಬೆನ್ನ ಮೇಲಿಂದ ತಾಯಿ ಅವನ ಭುಜಕ್ಕೆ ತಟ್ಟಿದಳು. “ಇಷ್ಟು ಹತ್ತಿರ ಇರೋ ನನಗೇ ಕೇಳಿಸ್ಲಿಲ್ಲ.”

ಅವನು ಮತ್ತೊಮ್ಮೆ ಹೇಳಿದ.